ಕ್ಲಿಪ್ಪಿನ ಕೂದಲು

ಬಚ್ಚಲ ಬಾಗಿಲು ಬಡಿದ ಸದ್ದಿಗೆ ಸೊಸೆಯ ಕೈಯಲ್ಲಿದ್ದ ಕೂದಲು ಜಾರಿ ಬಕೆಟ್ಟಿಗೆ ಬಿತ್ತು. ಅಂಗಡಿಗೆಂದು ಹೊರಟ ಅತ್ತೆ ಹೀಗೆ ಹೋಗಿ ಹಾಗೆ ಬಂದುಬಿಟ್ಟಿದ್ದರು.

"ಇನ್ನೂ ಎಷ್ಟು ಹೊತ್ತೇ? ಕೈಕಾಲು ತೊಳೀಬೇಕು."

"ಬಂದೆ ಅತ್ತೆ!"

ಕ್ಲಿಪ್ಪಿನಿಂದ ತಲೆಗೆ ಸಿಕ್ಕಿಸಿಕೊಳ್ಳುವ ಕೂದಲಿನ ಪಟ್ಟಿಗಳು ಅವು. ಉಗುರುಬೆಚ್ಚಗಿನ ನೀರಲ್ಲಿ, ಉಜ್ಜದೆ, ಬುಡದಿಂದ ತುದಿಗೆ ಬೆರಳಿಳಿಸಿ ತೊಳೆಯುತ್ತಿದ್ದಳು. ಈಗ ಎಲ್ಲವನ್ನೂ ಟವೆಲ್ಲಿನಲ್ಲಿ ಸುತ್ತಿ ಒಗೆದ ಬಟ್ಟೆಗಳ ಬಕೆಟ್ಟಿನ ತಳಕ್ಕೆ ತುರುಕಿ ಹೊರಬಂದಳು. ಮದುವೆಗೆ ಮುಂಚೆ ಬಂದ ಟೈಫಾಯಿಡ್ ಹೋಗುವಾಗ ಕೂದಲನ್ನೂ ಕೊಂಡೊಯ್ದಿತ್ತು, ಉಳಿದದ್ದು ಇಲಿಬಾಲ. ಗಂಡನಿಗೆ ಗೊತ್ತು. ಅತ್ತೆಗೆ ಹೇಳುವ ಧೈರ್ಯ ಬಂದಿರಲಿಲ್ಲ. ಹೇಗೆ ಬಂದೀತು? "ನಮ್ಮ ಸೊಸೆ ಜಡೆ ನೋಡಿದ್ರಾ?" ಎಂದು ಅವರು ಎದುರುಮನೆಯಾಕೆಯ ಮುಂದೆ ಹೇಳಿಕೊಳ್ಳದ ದಿನವಿರಲಿಲ್ಲ. ಆಕೆಗೋ, ಕಿವಿಗೆ ಬಿದ್ದದ್ದನ್ನು ಊರಿಗೆಲ್ಲ ಹಂಚದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸೊಸೆ ಮಾತು ಮುಗಿಸಿ ಬರುವಷ್ಟರಲ್ಲಿ ಆ ಬಕೆಟ್ಟು ಬಾಲ್ಕನಿ ಸೇರಿತ್ತು. ಅತ್ತೆ ಎರಡೂ ಕೈಯಲ್ಲಿ ಟವೆಲ್ಲು ಹಿಂಡುತ್ತಿದ್ದರು. ಅದರ ತುದಿಯಿಂದ ಮೊಳದುದ್ದ ಕಪ್ಪು ಕೂದಲು ನೇತಾಡುತ್ತಿತ್ತು.

ಸೊಸೆಗೆ ಅಳುವೇ ಬಂತು. "ಅತ್ತೆ, ಮೋಸ ಮಾಡ್ಬೇಕು ಅಂತ ಅಲ್ಲ..."

"ಅಯ್ಯೋ, ಗೊತ್ತಾಗ್ದೆ ಹಿಂಡಿಬಿಟ್ನಲ್ಲೇ! ಸಿಕ್ಕಾಯ್ತು ನೋಡು. ಅಗಲ ಹಲ್ಲಿನ ಬಾಚಣಿಗೆ ತಗೊಂಬಾ."

ಅತ್ತೆ ಸ್ಟೂಲಿನ ಮೇಲೆ ಕೂತು, ಕ್ಲಿಪ್ಪಿನ ಬುಡವನ್ನು ಮುಷ್ಟಿಯಲ್ಲಿ ಹಿಡಿದು, ತುದಿಯಿಂದ ಮೇಲಕ್ಕೆ ಮೆಲ್ಲಗೆ ಸಿಕ್ಕು ಬಿಡಿಸತೊಡಗಿದರು.

"ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಬಚ್ಚಲ ಜಾಲರಿ ತೊಳೆಯೋಳು ನಾನಲ್ವೇನೇ? ಅಷ್ಟುದ್ದ ಜಡೆಯೋಳು ತಲೆಗೆ ನೀರು ಹಾಕ್ಕೊಂಡ್ರೆ ಉಂಡೆ ಉಂಡೆ ಕೂದಲು ಸಿಗ್ಬೇಕು. ನಿಂದು ಸಿಕ್ಕಿದ್ದು ನಾಲ್ಕೆಳೆ, ಅದೂ ಗೇಣುದ್ದ. ನೀನು ಬಂದ ತಿಂಗಳಲ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಎಲ್ಲರ ಮುಂದೆ ಹೊಗಳ್ತಿದ್ರಲ್ಲ!"

"ಅಷ್ಟೊತ್ತಿಗಾಗ್ಲೇ ಹೊಗಳಿ ಆಗಿತ್ತು. ನಿಲ್ಸಿದ್ರೆ ಯಾಕೆ ಅಂತ ಕೇಳಲ್ವಾ? ಅದಿರ್ಲಿ, ಒದ್ದೇದನ್ನ ಬೀರುವಲ್ಲಿ ಮುಚ್ಚಿಡ್ತೀಯಲ್ಲ, ಬಟ್ಟೆಯೆಲ್ಲ ಮುಗ್ಗಲು ವಾಸನೆ. ಗಾಳಿಗೆ ಹಾಕ್ಬೇಕು. ಬಿಸಿಲಿಗೆ ಬೇಡ, ನೆರಳಲ್ಲಿ."

ಹೇಳಿದವರೇ ಎದ್ದು, ನೆರಳಿದ್ದ ಮೂಲೆಯ ಹಗ್ಗಕ್ಕೆ ಪಟ್ಟಿಗಳನ್ನು ಒಂದೊಂದಾಗಿ ಸಿಕ್ಕಿಸಿದರು. ಅವುಗಳಲ್ಲೇ ಕ್ಲಿಪ್ಪಿತ್ತಲ್ಲ, ಬಟ್ಟೆಯ ಕ್ಲಿಪ್ಪು ಬೇಕಾಗಲಿಲ್ಲ.

ಎದುರಿನ ಬಾಲ್ಕನಿಯ ಬಾಗಿಲು ತೆರೆಯಿತು. "ಏನ್ರೀ ಅದು, ಕೂದಲಾ? ಯಾರದ್ರೀ?"

ಸೊಸೆ ಬಾಗಿಲ ಮರೆಗೆ ಸರಿದಳು.

ಅತ್ತೆ ಹತ್ತಿಯಂತೆ ಬೆಳ್ಳಗಾದ ತಮ್ಮ ತಲೆಯನ್ನೆತ್ತಿ, "ನಂದೇ ಕಣ್ರೀ," ಎಂದರು. "ದಿನಾ ಸೊಸೆ ಜಡೆ ನೋಡಿ ನೋಡಿ ನನ್ಗೂ ಆಸೆ ಹುಟ್ತು."