ಗಾಜಿನ ಮೇಲೆ ಐದು ಬೊಟ್ಟು

ಒಂದೂ ಬಟನ್ ಇಲ್ಲದ ಆ ಇಂಡಕ್ಷನ್ ಒಲೆಯನ್ನು ವಿನ್ಯಾಸ ಮಾಡಿದವನು ಜಯತೀರ್ಥ. ಅದರ ನುಣುಪು ಗಾಜಿಗೆ ಪ್ರಶಸ್ತಿಯೂ ಬಂದಿತ್ತು. ಒಂದು ದಿನ ಸರ್ವಿಸ್ ಸೆಂಟರಿಗೆ ಹೋದವನು, ರಿಪೇರಿಯಾಗಿದ್ದ ಒಲೆಯೊಂದರ ಮೇಲೆ ಹಣೆಗಿಡುವ ಹರಳಿನ ಬೊಟ್ಟುಗಳು ಅಂಟಿದ್ದನ್ನು ಕಂಡು ಕೆಂಡಾಮಂಡಲವಾದ.

"ಏನ್ರೀ ಇದು? ಒಲೆಗೂ ಬೊಟ್ಟು ಇಡ್ತಾರಾ? ಈ ಜನಕ್ಕೆ ಅಂದ ಅಂದ್ರೇನು ಅಂತಾನೇ ಗೊತ್ತಿಲ್ಲ!"

"ಅದು ಹಾಗೇ ಇರ್ಲಿ ಬಿಡಿ ಸಾರ್. ಆ ಮೇಡಂ..." ಎಂದ ಮೆಕ್ಯಾನಿಕ್ ಮುನೀರ್.

"ಬಾಯ್ಮುಚ್ರಿ!"

ಜಯತೀರ್ಥ ಐದೂ ಬೊಟ್ಟುಗಳನ್ನು ಉಗುರಿನಿಂದ ಕೆರೆದು ತೆಗೆದು, ಗಾಜನ್ನು ಫಳಫಳ ಹೊಳೆಯುವಂತೆ ಒರೆಸಿಟ್ಟ.

ಅಷ್ಟರಲ್ಲಿ ಒಲೆಯ ಒಡತಿ ಬಂದರು. ಬಿಳಿ ಕೋಲನ್ನು ಕೌಂಟರಿಗೆ ಒರಗಿಸಿ, ಗಾಜಿನ ಮೇಲೆ ಬೆರಳಾಡಿಸಿದರು. ಇನ್ನೊಮ್ಮೆ ಆಡಿಸಿದರು. ಅವರ ಮುಖ ಕೆಂಪೇರಿತು.

"ಯಾರ್ರೀ ಅದು, ನನ್ನ ಬಟನ್‌ಗಳನ್ನ ಕಿತ್ತುಹಾಕಿದ್ದು?"