ತಾಳಕ್ಕೆ ಕಂಡ ಬೆಳಕು

ಬಾಗಿಲ ಚೌಕಟ್ಟಿಗೆ ಎಡ ಮೊಣಕೈ ಬಡಿಸಿಕೊಂಡು ಒಳಬಂದ ಅಪ್ಪ ಮೊದಲು ಬೈದದ್ದು ಬಾಗಿಲನ್ನು. "ಯಾರೇ ಇದನ್ನ ದಾರಿಗಡ್ಡ ನಿಲ್ಲಿಸಿದ್ದು?"

ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವ ಮಗಳು ನಗಲಿಲ್ಲ. ಹೋದ ತಿಂಗಳು ಮೆದುಳಿನ ಒಂದು ಭಾಗಕ್ಕೆ ರಕ್ತ ಹರಿಯುವುದು ನಿಂತು ಅಪ್ಪ ಹಾಸಿಗೆ ಹಿಡಿದಿದ್ದರು. ಈಗ ಸ್ಕೂಟರಿನ ಕೀಯನ್ನು ಬೆರಳಲ್ಲಿ ತಿರುಗಿಸುತ್ತ ಓಡಾಡುತ್ತಾರೆ. ಪರೀಕ್ಷೆಯಲ್ಲಿ ಪಾಸಾದರೆ ಸ್ಕೂಟರು ಅವರದು, ಇಲ್ಲದಿದ್ದರೆ ಕೀ ಮಗಳದು. ಹಾಗಂತ ಮಾತಾಗಿತ್ತು.

ದೊಡ್ಡ ಬಿಳಿ ಬೋಗುಣಿಯಂಥ ಯಂತ್ರಕ್ಕೆ ಮುಖವಿಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತ, ಆಚೀಚೆ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ಅಪ್ಪ ಒಂದನ್ನೂ ಬಿಡದೆ ಒತ್ತಿದರು. ಮಗಳ ಎದೆ ಹಗುರಾಯಿತು. ಅಷ್ಟರಲ್ಲಿ ಕೆಳಗೆ ನೋಡಿದಳು. ಅಪ್ಪನ ಚಪ್ಪಲಿ ನೆಲ ತಟ್ಟುತ್ತಿತ್ತು. ಯಂತ್ರ ಪ್ರತಿ ಬೆಳಕಿಗೂ ಮುಂಚೆ 'ಟಿಕ್' ಅನ್ನುತ್ತದೆ. ಜೀವಮಾನವೆಲ್ಲ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ ಕೈಗೆ ಅಷ್ಟು ಸಾಲದೆ!

"ಇನ್ನೊಂದ್ಸಲ ಅಪ್ಪಾ" ಎಂದಳು. ಈ ಸಲ ಮಿನುಗುವ ಬೆಳಕನ್ನು ಪೂರ್ತಿ ನಿಲ್ಲಿಸಿ, ಸದ್ದನ್ನಷ್ಟೇ ಬಿಟ್ಟಳು. ಅಪ್ಪ ಖಾಲಿ ಬೋಗುಣಿಯನ್ನು ನೋಡುತ್ತ ಸೊಗಸಾಗಿ ಒತ್ತುತ್ತ ಹೋದರು.

"ಹೆಂಗೆ? ಎಲ್ಲಾ ಕಂಡೆ. ಎಡಗಡೆದಂತೂ ಫಳಫಳ!"

"ಒಂದು ಬೆಳಕೂ ಬಂದಿಲ್ಲ ಅಪ್ಪಾ."

"ನನ್ನ ಹತ್ರಾನೇ ಆಟಾನಾ? ಕಂಡೆ ಕಣೇ! ಕಣ್ಣು ಹೋಗಿದ್ರೆ ಆ ಕಡೆ ಕಪ್ಪಗೆ ಕಾಣ್ಬೇಕಿತ್ತಲ್ಲ?"

"ನೀವು ಸುಳ್ಳು ಹೇಳ್ತಿಲ್ಲ, ನಿಮ್ಮ ಮೆದುಳು ಹೇಳ್ತಿದೆ. ಕಣ್ಣು ಬರೀ ಸುದ್ದಿ ಕಳಿಸೋದು. ತಲೆ ಹಿಂದ್ಗಡೆ ಇರೋ ನರಗಳು ಅದನ್ನ ಜೋಡಿಸಿ ಚಿತ್ರ ಮಾಡ್ತವೆ. ನಿಮಗೆ ಎಡಗಡೆ ಸುದ್ದಿ ಜೋಡಿಸೋ ಜಾಗಕ್ಕೇ ಪೆಟ್ಟಾಗಿದೆ. ಅಲ್ಲಿನವು ಸುಮ್ನಿದ್ರೆ ಉಳಿದವು ಅಂದಾಜಿನ ಮೇಲೆ ತುಂಬಿಸ್ಬಿಡ್ತವೆ. ಗೋಡೆ ಪಕ್ಕ ಇನ್ನಷ್ಟು ಗೋಡೆ, ತಾಳ ಕೇಳಿದ್ರೆ ಬೆಳಕು."

ಅಪ್ಪ ಗಲ್ಲ ಕೆರೆದುಕೊಂಡರು. "ಅಂದ್ರೆ ಒಬ್ಬ ಕೈಕೊಟ್ರೆ ಪಕ್ಕದವನು ಅವನ ಪಾಲೂ ಸೇರ್ಸಿ ಬಾರಿಸ್ತಾನೆ. ಥೇಟ್ ನಮ್ಮ ಬ್ಯಾಂಡೇ ಬಿಡು. ಕೇಳೋರಿಗೆ ಒಂಚೂರೂ ಗೊತ್ತಾಗ್ತಿರ್ಲಿಲ್ಲ."

"ಕೇಳೋರ ಮಧ್ಯದಿಂದ ಲಾರಿ ಬರ್ತಿರ್ಲಿಲ್ವಲ್ಲ ಅಪ್ಪಾ."

ಅಪ್ಪ ನಕ್ಕರು. ನಗು ಮುಗಿದ ಮೇಲೂ ಕೀ ಬೆರಳಲ್ಲೇ ಇತ್ತು. ಒಂದು ಸುತ್ತು ತಿರುಗಿಸಿ, ಅವಳ ಮೇಜಿನ ಮೇಲಿಟ್ಟು ಎದ್ದರು.

ಬಾಗಿಲ ಹತ್ತಿರ ನಿಂತು, ಎಡಗೈ ಚಾಚಿ ಗಾಳಿಯಲ್ಲಿ ತಡಕಿದರು. ಚೌಕಟ್ಟು ಸಿಕ್ಕಿತು. ಬೆರಳಿನಿಂದ ಅದರ ಮೇಲೆ ಮೆಲ್ಲಗೆ ಒಂದು ಪೆಟ್ಟು ಬಾರಿಸಿ ಕೇಳಿದರು: "ಇದ್ದೀಯಾ?"