ಶ್ರುತಿ ಹಿಡಿದವಳು

ಹಾಡು ಮುಗಿಯಿತು. ಗ್ಯುರ್ಗಾ ಅಜ್ಜಿ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. "ವೆಲಿಕಾ ಇದಾಳೆ. ನಾನೆಲ್ಲಿ?"

ನೆವೆನಾಗೆ ತಕ್ಷಣ ಅರ್ಥವಾಗಲಿಲ್ಲ. ಈ ಧ್ವನಿಮುದ್ರಣವನ್ನು ಎರಡು ವಾರ ಸ್ಟುಡಿಯೋದಲ್ಲಿ ಕೂತು, ಬೇಡದ ಸದ್ದುಗಳನ್ನು ತೆಗೆದು, ಕನ್ನಡಿ ಒರೆಸಿದಂತೆ ಒರೆಸಿದ್ದಳು. ಹಳ್ಳಿಮನೆಯ ಅಡುಗೆಕೋಣೆಯಲ್ಲಿ ಅಕ್ಕತಂಗಿಯರಿಬ್ಬರು ಹಾಡಿದ್ದು. ಅಕ್ಕ ವೆಲಿಕಾ ಹಾಡು ಹೇಳುವವಳು. ತಂಗಿ ಗ್ಯುರ್ಗಾ ಅದರ ಕೆಳಗೆ ಒಂದೇ ಸ್ವರವನ್ನು ಶ್ರುತಿಯಾಗಿ ಹಿಡಿಯುವವಳು. ವೆಲಿಕಾ ಫೆಬ್ರವರಿಯಲ್ಲಿ ತೀರಿಕೊಂಡಳು. ಇನ್ನೊಮ್ಮೆ ಹಾಡಿಸುವಂತಿಲ್ಲ. ನಾಳೆ ಸಿ.ಡಿ. ಅಚ್ಚಿಗೆ ಹೋಗುತ್ತದೆಂದು ಅಜ್ಜಿ ಬೆಳಗಿನ ಬಸ್ಸಿಗೇ ಮೆಣಸಿನಕಾಯಿ ಚಟ್ನಿಯ ಬಾಟಲಿ ಹಿಡಿದು ಸೋಫಿಯಾ ನಗರಕ್ಕೆ ಬಂದಿದ್ದಳು.

"ಇದೀರಲ್ಲ ಅಜ್ಜಿ, ಹಿಂದೆ, ಸಣ್ಣಗೆ."

"ಹಾಡಿದವಳಿಗೆ ಗೊತ್ತಾಗಲ್ವ ಮಗಳೇ? ಅರವತ್ತು ವರ್ಷ ಅವಳ ಪಕ್ಕ ಕೂತಿದೀನಿ. ಇದ್ರಲ್ಲಿ ಅವಳು ಖಾಲಿ ಕುರ್ಚಿ ಪಕ್ಕ ಕೂತಂಗಿದಾಳೆ. ಏನು ಮಾಡ್ದೆ, ತೋರ್ಸು."

ನೆವೆನಾ ಪರದೆಯ ಮೇಲಿನ ಈಕ್ವಲೈಜರ್ ಗೆರೆಯನ್ನು ತೋರಿಸಿದಳು. "ಈ ಫಿಲ್ಟರ್ ಒಂದು ಸ್ವರಮಟ್ಟದಿಂದ ಕೆಳಗಿರೋದನ್ನೆಲ್ಲ ಕತ್ತರಿಸುತ್ತೆ. ಹೊರಗಿನ ರಸ್ತೆಯ ಲಾರಿ ಸದ್ದು ಹೋಗಿದ್ದು ಇದ್ರಿಂದ. ಇದು ಮೇಲಿರೋದನ್ನೆಲ್ಲ ಒಟ್ಟಿಗೆ ಒಂದು ಮೆಟ್ಟಿಲು ಎತ್ತುತ್ತೆ. ಇದು ಒಂದು ಕಡೆ ಮಾತ್ರ ಗುಡ್ಡದ ಥರ ಉಬ್ಬಿಸುತ್ತೆ; ವೆಲಿಕಾ ಅಜ್ಜಿ ದನಿ ಹತ್ರ ಬಂತಲ್ಲ, ಹಾಗೆ. ಇನ್ನು ಇದು ನಾಚ್, ಸೂಜಿ ಇದ್ದಂಗೆ. ಒಂದೇ ಸ್ವರ ಹೆಕ್ಕಿ ತೆಗೆಯುತ್ತೆ, ಪಕ್ಕದ್ದನ್ನ ಮುಟ್ಟಲ್ಲ. ನಿಮ್ಮ ಫ್ರಿಜ್ಜು ಗುಂಯ್ ಅಂತಿತ್ತಲ್ಲ, ಆ ಸ್ವರಕ್ಕೊಂದು, ಅದರ ಮೇಲಿನ ಮರಿಸ್ವರಗಳಿಗೆ ಒಂದೊಂದು ಹಾಕ್ದೆ."

"ಬೇಳೆಯೊಳಗಿನ ಕಲ್ಲು ಆರಿಸಿದಂಗೆ."

ನೆವೆನಾ ಅಲ್ಲಿಯವರ ರೂಢಿಯಂತೆ ಹೌದೆಂದು ತಲೆ ಅಡ್ಡಡ್ಡ ಆಡಿಸಿದಳು.

"ಹಂಗಾದ್ರೆ ಕಲ್ಲು ನಾನೇ."

ಆಡಿಸುತ್ತಿದ್ದ ತಲೆ ನಿಂತಿತು. ಅಜ್ಜಿಗೆ ನಗು ಬಂತು. "ವೆಲಿಕಾ ಯಾವಾಗ್ಲೂ ಎತ್ತರಕ್ಕೆ ಎತ್ಕೊಂಬಿಡ್ತಿದ್ಲು. ನಾನು ಸ್ವರ ಎಲ್ಲಿಂದ ಹಿಡೀಲಿ? ಅಡುಗೆಕೋಣೇಲಿ ಫ್ರಿಜ್ಜು ಬಿಟ್ರೆ ಯಾರಿದ್ರು? ಅದರ ಸ್ವರಾನೇ ಹಿಡಿದೆ. ನಮ್ಮವ್ವ ನೀರುಗಿರಣಿ ಸದ್ದಿಂದ ಹಿಡೀತಿದ್ಲು. ಗಿರಣಿ ನಿಲ್ಸಿ ಅಂತ ಯಾರೂ ಅನ್ಲಿಲ್ಲ."

"ಫ್ರಿಜ್ಜು ತೆಗೆದ್ರೆ ನೀವೂ ಹೋಗ್ತೀರಿ, ಅಜ್ಜಿ. ನಿಮ್ಮನ್ನ ಉಳಿಸಿದ್ರೆ ಅದೂ ಉಳಿಯುತ್ತೆ. ಕೇಳಿದವರು ಈ ಹುಡುಗಿಗೆ ಕೆಲಸ ಬರಲ್ಲ ಅಂತಾರೆ."

"ಅನ್ನಿಸ್ಕೋ. ನಾನು ಅಕ್ಕನ ಹತ್ರ ಅನ್ನಿಸ್ಕೊಂಡೇ ಇಷ್ಟು ವರ್ಷ ಹಾಡಿದ್ದು."

ನೆವೆನಾ ಸೂಜಿಗಳನ್ನು ಒಂದೊಂದಾಗಿ ಕಿತ್ತಳು. ಹೆಡ್‌ಫೋನ್ ಬದಿಗಿಟ್ಟು ಸ್ಪೀಕರಿನಲ್ಲಿ ಹಾಡು ಹಾಕಿದಳು. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಕೋಣೆ ತುಂಬಿತು. ಅದರೊಳಗೆಲ್ಲೋ, ಸಾರಿನೊಳಗಿನ ಉಪ್ಪಿನಂತೆ, ಗ್ಯುರ್ಗಾ ಇದ್ದಳು. ಯಾವುದು ಯಂತ್ರ, ಯಾವುದು ಕೊರಳು ಎಂದು ನೆವೆನಾಗೆ ಈಗಲೂ ಬಿಡಿಸಲಾಗಲಿಲ್ಲ. ಆದರೆ ವೆಲಿಕಾಳ ದನಿ ಮಾತ್ರ ಒರಗಲು ಗೋಡೆ ಸಿಕ್ಕಿದಂತೆ ಹಗುರಾಗಿತ್ತು.

ಕೊನೆಯ ಚರಣದ ನಡುವೆ, ಧ್ವನಿಮುದ್ರಣದೊಳಗಿನ ಫ್ರಿಜ್ಜು ಗಡಗಡ ನಡುಗಿ ನಿಂತಿತು. ಗ್ಯುರ್ಗಾಳ ಸ್ವರ ಕದಲಲಿಲ್ಲ.

"ನೋಡು," ಅಜ್ಜಿ ಚಟ್ನಿ ಬಾಟಲಿಯ ಮುಚ್ಚಳ ತಿರುಗಿಸುತ್ತ ಅಂದಳು, "ಮೊದಲು ಸುಸ್ತಾಗಿದ್ದು ಫ್ರಿಜ್ಜಿಗೇ."